ಓದುಗರ ಅಂಚೆ: ಸೈರನ್ ಕೂಗಿದರೆ ಪಕ್ಕದ ಮನೆಯ ಪ್ಲಂಬರ್ ಯಾಕೆ ಓಡುತ್ತಾನೆ?

ಕಳೆದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ, ನಾನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿದ್ದ ವರ್ಷಗಳಲ್ಲಿ ಅಲ್ಲಿನ ಸ್ವಯಂಸೇವಕರ ಫೈರ್ ಕಂಪನಿಯಲ್ಲಿ (ಸಂಬಳವಿಲ್ಲದೆ ಬೆಂಕಿ ಆರಿಸುವ ಊರಿನವರ ದಳ) ಪಂಪ್ ನೋಡಿಕೊಳ್ಳುತ್ತಿದ್ದೆ ಅಂತ ಒಂದು ಸಾಲು ಹಾಕಿದ್ದೆ. ಮೂಲ ಪ್ರಶ್ನೆ ಯಾರಿಗೂ ಬೇಕಾಗಿಲ್ಲ. ಬಂದ ಪತ್ರಗಳೆಲ್ಲ ಆ ಸಾಲಿನ ಬಗ್ಗೆಯೇ. ಸರಿ, ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ. ನ್ಯೂಯಾರ್ಕ್ ಅಂದ ತಕ್ಷಣ ಎತ್ತರದ ಕಟ್ಟಡಗಳು ನೆನಪಾಗುವವರಿಗೆ ಒಂದು ಮಾತು. ನಗರ ಬಿಟ್ಟು ಉತ್ತರಕ್ಕೆ ಹೋದರೆ ಆ ರಾಜ್ಯದಲ್ಲಿ ಕಾಣುವುದು ಹೊಲ, ಕಾಡು, ಹೈನು ಸಾಕುವ ಊರುಗಳು. ನಾನಿದ್ದದ್ದು ಅಂಥ ಕಡೆ.

ಪ್ರಶ್ನೆ: ನಾವು ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಊರಿಗೆ ಬಂದು ಕೆಲವು ತಿಂಗಳಾಯಿತು. ರಾತ್ರಿ ಎರಡು ಗಂಟೆಗೆ ಜೋರಾಗಿ ಸೈರನ್ ಕೂಗುತ್ತದೆ. ಪಕ್ಕದ ಮನೆಯವರು ಪ್ಲಂಬರ್. ಎದ್ದು, ಪಿಕಪ್ ಹತ್ತಿ, ನೀಲಿ ದೀಪ ಹಾಕಿಕೊಂಡು ಓಡುತ್ತಾರೆ. ಕೇಳಿದರೆ ಫೈರ್‌ಗೆ ಹೋಗಿದ್ದೆ ಅಂತಾರೆ. ಇಲ್ಲಿ ಸರ್ಕಾರದ ಅಗ್ನಿಶಾಮಕ ದಳ ಇಲ್ಲವೇ? ನಾವು ಕಟ್ಟುವ ತೆರಿಗೆ ಎಲ್ಲಿ ಹೋಗುತ್ತದೆ? (ಒಬ್ಬ ಓದುಗರು, ಪೆನ್ಸಿಲ್ವೇನಿಯಾ)

ಉತ್ತರ: ಆ ಪ್ಲಂಬರೇ ನಿಮ್ಮ ಅಗ್ನಿಶಾಮಕ ದಳ, ಸ್ವಾಮಿ. ಅವರ ಜೊತೆ ಒಬ್ಬ ಶಾಲಾ ಬಸ್ ಡ್ರೈವರ್, ಒಬ್ಬ ಹೈನುಗಾರ, ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಹೆಂಗಸು, ಇಂಥವರು ಒಂದಷ್ಟು ಜನ ಇರುತ್ತಾರೆ. ಠಾಣೆಯಲ್ಲಿ ಗಾಡಿ ಇರುತ್ತದೆ, ಮನುಷ್ಯರು ಇರುವುದಿಲ್ಲ. ನೀವು 911ಕ್ಕೆ ಫೋನ್ ಮಾಡಿದರೆ ಅದು ಜಿಲ್ಲೆಯ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಅವರು ನಿಮ್ಮ ಊರಿನ ಕಂಪನಿಯ ಟೋನ್ ಒತ್ತುತ್ತಾರೆ, ಎಲ್ಲರ ಸೊಂಟದ ಪೇಜರೂ ಒಟ್ಟಿಗೆ ಕೂಗುತ್ತದೆ, ಠಾಣೆಯ ಮಾಡಿನ ಮೇಲಿನ ಸೈರನ್ನೂ ಶುರುವಾಗುತ್ತದೆ. ಈಗ ಮೊಬೈಲಿನಲ್ಲೂ ಬರುತ್ತದೆ, ಯಾರು ಹೊರಟರು ಅಂತಲೂ ಕಾಣುತ್ತದೆ. ಹತ್ತಿರ ಇದ್ದವರು ಮೊದಲು ಬಂದು ಗಾಡಿ ತೆಗೆಯುತ್ತಾರೆ.

ಇದು ಹೊಸದೇನೂ ಅಲ್ಲ, ನೀವಿರುವ ರಾಜ್ಯದಲ್ಲೇ ಬೇರು ಬಿಟ್ಟದ್ದು. 1736ರ ಡಿಸೆಂಬರಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಪ್ರತಿ ಸದಸ್ಯನೂ ಚರ್ಮದ ಬಕೆಟ್ಟುಗಳು, ಸಾಮಾನು ಹೊರಲು ಗಟ್ಟಿ ಚೀಲಗಳು ಇಟ್ಟುಕೊಂಡಿರಬೇಕು, ಬೆಂಕಿ ಬಿದ್ದರೆ ಹಿಡಿದು ಓಡಬೇಕು. ತಿಂಗಳಿಗೊಂದು ಸಭೆ. ಬರದಿದ್ದರೆ ದಂಡ. ದಂಡದ ದುಡ್ಡಲ್ಲೇ ಎಂಜಿನ್ನು, ಏಣಿ ಕೊಂಡರು. ಆಮೇಲೆ ನಗರಗಳು ಸಂಬಳದ ದಳಕ್ಕೆ ಹೋದವು. ಸಿನ್ಸಿನಾಟಿ 1853ರಲ್ಲಿ, ನ್ಯೂಯಾರ್ಕ್ ನಗರ 1865ರಲ್ಲಿ, ಫಿಲಡೆಲ್ಫಿಯಾ 1871ರಲ್ಲಿ. ನಗರಗಳಲ್ಲಿ ಸ್ವಯಂಸೇವಕರ ಕಂಪನಿಗಳು ಬೆಂಕಿ ಬಿಟ್ಟು ಹೈಡ್ರಂಟ್ (ಬೆಂಕಿ ಆರಿಸಲು ರಸ್ತೆ ಬದಿ ಇಟ್ಟ ನೀರಿನ ನಲ್ಲಿ) ಯಾರದ್ದು ಅಂತ ಬೀದಿಯಲ್ಲಿ ಹೊಡೆದಾಡುತ್ತಿದ್ದದ್ದೂ ಅದಕ್ಕೆ ಒಂದು ಕಾರಣ. ಹಳ್ಳಿಗಳು ಮಾತ್ರ ಹಳೆಯ ಪದ್ಧತಿಯಲ್ಲೇ ಉಳಿದವು. 2020ರ ಲೆಕ್ಕದಲ್ಲಿ ಅಮೆರಿಕದಲ್ಲಿ ಸುಮಾರು 10.4 ಲಕ್ಷ ಅಗ್ನಿಶಾಮಕರು, ಅದರಲ್ಲಿ ಸುಮಾರು 6.77 ಲಕ್ಷ ಸ್ವಯಂಸೇವಕರು. ಅಂದರೆ ನೂರಕ್ಕೆ 65.

ತೆರಿಗೆಯ ವಿಷಯ. ನಿಮ್ಮ ಕಡೆ ಫೈರ್ ಕಂಪನಿ ಬಹಳ ಸಲ ಸರ್ಕಾರದ ಇಲಾಖೆ ಆಗಿರುವುದಿಲ್ಲ, ಲಾಭ ಮಾಡದ ಸಂಘ ಆಗಿರುತ್ತದೆ. ಊರಿನ ಆಡಳಿತ ಒಂದಷ್ಟು ಕೊಡುತ್ತದೆ, ಉಳಿದದ್ದನ್ನು ಅವರೇ ಹುಟ್ಟಿಸಿಕೊಳ್ಳುತ್ತಾರೆ. ಅದರ ಬಗ್ಗೆ ಇನ್ನೊಂದು ಪತ್ರ ಬಂದಿದೆ, ಮುಂದೆ ಓದಿ.

ಇನ್ನೊಂದು ವಿಷಯ, ರಾತ್ರಿ ಎರಡಕ್ಕೆ ಅವರು ಓಡಿದ್ದು ಬೆಂಕಿಗೇ ಇರಲಿಕ್ಕಿಲ್ಲ. ಅಮೆರಿಕದ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಮೂರರಲ್ಲಿ ಎರಡರಷ್ಟು ಆಸ್ಪತ್ರೆಯ ವ್ಯವಹಾರ. ಎದೆನೋವು, ಬಿದ್ದ ಅಜ್ಜಿ, ಉಸಿರು ಕಟ್ಟಿದ ಮಗು. ನಿಜವಾದ ಬೆಂಕಿ ನೂರಕ್ಕೆ ನಾಲ್ಕರ ಆಸುಪಾಸು. ಉಳಿದದ್ದು ಕಾರು ಅಪಘಾತ, ರಸ್ತೆಗೆ ಬಿದ್ದ ಮರ, ಗ್ಯಾಸ್ ವಾಸನೆ, ಸುಮ್ನೆ ಕೂಗಿದ ಅಲಾರಾಂ. ಆ ನೀಲಿ ದೀಪ ನೋಡಿದರೆ ದಾರಿ ಬಿಡಿ. ನ್ಯೂಯಾರ್ಕ್ ರಾಜ್ಯದಲ್ಲಿ ಅದಕ್ಕೆ ದಾರಿ ಬಿಡಲೇಬೇಕು ಅಂತ ಕಾನೂನಿಲ್ಲ, ಸುಮ್ಮನೆ ಕೇಳಿಕೊಳ್ಳುವ ದೀಪ ಅಷ್ಟೇ, ಅದನ್ನು ಹಾಕಿಕೊಂಡವರು ಸಿಗ್ನಲ್ ದಾಟುವಂತೆಯೂ ಇಲ್ಲ. ಆದರೂ ಬಿಡಿ.

ಪ್ರಶ್ನೆ: ಹಳ್ಳಿ ಅಂತೀರಿ. ನಲ್ಲಿ ಇಲ್ಲ, ರಸ್ತೆ ಬದಿಯಲ್ಲಿ ಹೈಡ್ರಂಟ್ ಇಲ್ಲ. ಹಾಗಾದರೆ ಬೆಂಕಿ ಆರಿಸಲು ನೀರು ಎಲ್ಲಿಂದ? (ಒಬ್ಬ ರೈತರು, ತಿಪಟೂರು)

ಉತ್ತರ: ಇಷ್ಟು ಪತ್ರಗಳಲ್ಲಿ ನನಗೆ ಖುಷಿ ಕೊಟ್ಟ ಪ್ರಶ್ನೆ ಇದು. ಯಾಕೆಂದರೆ ಹಳ್ಳಿಯ ಫೈರ್ ಕಂಪನಿಯ ಕೆಲಸ ಅಂದರೆ ಮುಕ್ಕಾಲು ಪಾಲು ನೀರು ಹೊರುವ ಕೆಲಸ.

ಮೊದಲು ಲೆಕ್ಕ ನೋಡೋಣ. ದೊಡ್ಡ ಎಂಜಿನ್ ಅಂದರೆ 1000 ಗ್ಯಾಲನ್, ಹತ್ತಿರ ಹತ್ತಿರ 3800 ಲೀಟರ್ ಹೊತ್ತುಕೊಂಡು ಬರುತ್ತದೆ. ಮನೆಯೊಳಗೆ ನುಗ್ಗುವ ಒಂದು ಪೈಪು ನಿಮಿಷಕ್ಕೆ 150 ಗ್ಯಾಲನ್, ಸುಮಾರು 570 ಲೀಟರ್ ಕುಡಿಯುತ್ತದೆ. ಭಾಗಿಸಿ ನೋಡಿ, ಏಳು ನಿಮಿಷವೂ ಇಲ್ಲ. ಎರಡು ಪೈಪು ಬಿಟ್ಟರೆ ಮೂರೂವರೆ ನಿಮಿಷ ದಾಟುವುದು ಕಷ್ಟ. ಒಳಗೆ ಇಬ್ಬರು ಹೊಗೆಯಲ್ಲಿ ಮಂಡಿಯೂರಿ ತೆವಳುತ್ತಿರುವಾಗ ಹೊರಗೆ ನೀರು ಮುಗಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹಾಗಾಗಿ ಮೊದಲ ಎಂಜಿನ್ ಹೊರಡುವಾಗಲೇ, ಹೊಗೆ ಕಾಣಿಸುವುದಕ್ಕೂ ಮೊದಲೇ, ಸುತ್ತಲ ಮೂರು ನಾಲ್ಕು ಊರುಗಳ ಟ್ಯಾಂಕರುಗಳಿಗೆ ಕರೆ ಹೋಗಿರುತ್ತದೆ. ಇವತ್ತು ನಿಮ್ಮೂರಿಗೆ ನಾವು, ನಾಳೆ ನಮ್ಮೂರಿಗೆ ನೀವು ಅನ್ನುವ ಒಪ್ಪಂದ. ಬಿಲ್ಲು ಗಿಲ್ಲು ಇಲ್ಲ.

ಸುಡುತ್ತಿರುವ ಮನೆಯ ಮುಂದೆ ಮೊದಲು ಒಂದು ಮಡಿಸುವ ತೊಟ್ಟಿ ಬಿಚ್ಚುತ್ತಾರೆ. ಕಬ್ಬಿಣದ ಚೌಕಟ್ಟು, ಒಳಗೆ ದಪ್ಪ ಟಾರ್ಪಾಲಿನಂಥ ಬಟ್ಟೆ, ಎರಡು ಮೂರು ಸಾವಿರ ಗ್ಯಾಲನ್ ಹಿಡಿಯುತ್ತದೆ. ಟ್ಯಾಂಕರ್ ಬಂದು, ಹಿಂದಿನ ದೊಡ್ಡ ಗೇಟು ಎತ್ತಿ, ಅಷ್ಟೂ ನೀರನ್ನು ಒಂದೆರಡು ನಿಮಿಷದಲ್ಲಿ ತೊಟ್ಟಿಗೆ ಸುರಿದು, ತಕ್ಷಣ ಮತ್ತೆ ಕೆರೆಗೆ ಓಡುತ್ತದೆ. ಹಿಂದೆಯೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಂಜಿನ್ ಆ ತೊಟ್ಟಿಯಿಂದ ಎಳೆದು ಬೆಂಕಿಗೆ ಕೊಡುತ್ತಿರುತ್ತದೆ. ಕೆರೆಯ ಹತ್ತಿರ ಇನ್ನೊಂದು ಎಂಜಿನ್ ನಿಂತು, ಬಂದ ಬಂದ ಟ್ಯಾಂಕರಿಗೆ ತುಂಬಿಸಿ ಕಳಿಸುತ್ತಿರುತ್ತದೆ. ರಸ್ತೆ ಕಿರಿದಾದರೆ ಹೋಗುವುದು ಒಂದು ದಾರಿ, ಬರುವುದು ಇನ್ನೊಂದು ದಾರಿ. ಇದೆಲ್ಲ ಮೊದಲೇ ನಕ್ಷೆಯಲ್ಲಿ ಗುರುತಾಗಿರುತ್ತದೆ. ಯಾರ ತೋಟದ ಹೊಂಡದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ಸೇತುವೆ ಟ್ಯಾಂಕರಿನ ಭಾರ ತಡೆಯುವುದಿಲ್ಲ, ಎಲ್ಲ ಬರೆದಿಟ್ಟಿರುತ್ತಾರೆ.

ಪಂಪಿನ ವಿಷಯ ನಿಮಗೆ ನಾನು ಹೇಳಿಕೊಡುವುದೇನಿದೆ, ತೆರೆದ ಬಾವಿಗೆ ಮೋಟಾರು ಇಟ್ಟವರಿಗೆಲ್ಲ ಗೊತ್ತಿರುವ ಕಷ್ಟವೇ. ಪಂಪು ನೀರನ್ನು ಮೇಲೆ ಎಳೆಯುವುದಿಲ್ಲ. ಪೈಪಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ದೂಡುತ್ತದೆ. ಪುಸ್ತಕದ ಲೆಕ್ಕದಲ್ಲಿ ಹತ್ತು ಮೀಟರ್ ಏರಬೇಕು. ನಿಜಕ್ಕೆ ಆರೇಳು ಮೀಟರ್ ಏರಿದರೆ ಪುಣ್ಯ. ಒಂದು ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಏರ್ ಹಿಡಿಯಿತು, ಕಥೆ ಮುಗಿಯಿತು. ಮಂಗಳವಾರದ ಅಭ್ಯಾಸದಲ್ಲಿ ನಾವು ಜಾಸ್ತಿ ಮಾಡುತ್ತಿದ್ದದ್ದು ಇದೇ. ಪೈಪು ಜೋಡಿಸು, ನೀರು ಹಿಡಿ, ಬಿಚ್ಚು, ಮತ್ತೆ ಜೋಡಿಸು.

ಅಲ್ಲಿ ಇನ್ನೊಂದು ತಾಪತ್ರಯ ಚಳಿಗಾಲ. ಕೆರೆ ಮೇಲೆ ಮೊಳದುದ್ದ ಮಂಜುಗಡ್ಡೆ. ಚೈನ್ ಸಾ ತಂದು ತೂತು ಕೊರೆಯಬೇಕು. ಅದಕ್ಕೆ ಒಂದು ಚೆಂದದ ಉಪಾಯ ಇದೆ, ಡ್ರೈ ಹೈಡ್ರಂಟ್ ಅಂತ. ಕೆರೆಯ ಆಳದಿಂದ ರಸ್ತೆ ಬದಿಗೆ, ನೆಲ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಒಂದು ಪೈಪು ಹೂತಿಡುತ್ತಾರೆ. ರಸ್ತೆ ಬದಿಯಲ್ಲಿ ಅದರ ಬಾಯಿ ಮಾತ್ರ ಮೇಲೆ ಕಾಣುತ್ತದೆ. ಮೋಟಾರು ಇಲ್ಲ, ಒತ್ತಡ ಇಲ್ಲ, ಮೇಲಿನ ಭಾಗದಲ್ಲಿ ನೀರೂ ನಿಂತಿರುವುದಿಲ್ಲ, ಹಾಗಾಗಿ ಹೆಪ್ಪುಗಟ್ಟಲು ಏನೂ ಇಲ್ಲ. ಎಂಜಿನ್ ಬಂದು ಬಾಯಿಗೆ ಪೈಪು ಸಿಕ್ಕಿಸಿ ಎಳೆದರಾಯಿತು. ನಾನು ಕಂಡ ಅಗ್ನಿಶಾಮಕ ಸಲಕರಣೆಗಳಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಇನ್ನೊಂದು ಇಲ್ಲ.

ಪೇಪರಿನಲ್ಲಿ ಫೋಟೋ ಬರುವುದು ಪೈಪಿನ ಮೂತಿ ಹಿಡಿದವನದ್ದು. ಟ್ಯಾಂಕರ್ ಓಡಿಸುವವನನ್ನು ಯಾರೂ ಕೇಳುವುದಿಲ್ಲ. 3000 ಗ್ಯಾಲನ್ ಅಂದರೆ ನೀರಿನ ತೂಕವೇ 11 ಟನ್ ಮೀರುತ್ತದೆ. ಅದು ತಿರುವಿನಲ್ಲಿ ಒಳಗೆ ತುಳುಕುತ್ತದೆ. ಅಲ್ಲಿ ಕೆಲಸಕ್ಕೆ ಹೊರಟು ಗಾಡಿ ಅಪಘಾತದಲ್ಲಿ ಸತ್ತ ಅಗ್ನಿಶಾಮಕರಲ್ಲಿ ಟ್ಯಾಂಕರ್ ಮಗುಚಿ ಸತ್ತವರ ಪಾಲು ದೊಡ್ಡದು.

ಪ್ರಶ್ನೆ: ನನ್ನ ಮಗಳ ಊರಿನಲ್ಲಿ ಫೈರ್ ಸ್ಟೇಷನ್ನಿನವರು ಕೋಳಿ ಸುಟ್ಟು ಮಾರುತ್ತಿದ್ದರು! ಶ್ರೀಮಂತ ದೇಶ, ಇದೇನು ಅವಸ್ಥೆ? (ನಿವೃತ್ತ ಶಿಕ್ಷಕರು, ಹುಬ್ಬಳ್ಳಿ)

ಉತ್ತರ: ಸರ್, ಆ ಕೋಳಿ ತಿಂದಿರಾ? ಅದಕ್ಕೂ ಒಂದು ಇತಿಹಾಸ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಬೇಕರ್ ಅಂತ, ಕೋಳಿ ಸಾಕುವವರ ಮಾರಾಟ ಹೆಚ್ಚಲಿ ಅಂತ ವಿನೆಗರ್, ಎಣ್ಣೆ, ಮೊಟ್ಟೆ, ಮಸಾಲೆ ಹಾಕಿ ಕೆಂಡದ ಮೇಲೆ ಸುಡುವ ವಿಧಾನವನ್ನು ಜನಪ್ರಿಯ ಮಾಡಿದರು. ನ್ಯೂಯಾರ್ಕ್ ರಾಜ್ಯದ ಫೈರ್ ಕಂಪನಿಗಳು ಅದನ್ನು ಹಿಡಿದುಕೊಂಡವು, ಬೇಸಿಗೆ ಬಂತು ಅಂದರೆ ಊರೂರಲ್ಲಿ ಅದೇ ಹೊಗೆ. ಅದರ ಜೊತೆ ಭಾನುವಾರದ ಪ್ಯಾನ್‌ಕೇಕ್ ತಿಂಡಿ, ಶುಕ್ರವಾರದ ಮೀನು ಊಟ, ಬಿಂಗೊ ಆಟ, ಲಾಟರಿ ಚೀಟಿ.

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಜಿಲ್ಲೆಯದ್ದು ಇನ್ನೂ ಸೊಗಸು. ಚಳಿಗಾಲ ಮುಗಿದು ಮಂಜು ಕರಗಿ ನೆಲವೆಲ್ಲ ಕೆಸರಾಗಿರುವಾಗ ಫೈರ್ ಕಂಪನಿಗಳು ಹರಾಜು ನಡೆಸುತ್ತವೆ, ಮಡ್ ಸೇಲ್ ಅಂತಾರೆ. ಕೌದಿ, ಕುದುರೆ, ಕುದುರೆಗಾಡಿ, ಹಳೆಯ ನೇಗಿಲು, ಊಟ, ಎಲ್ಲ ಇರುತ್ತದೆ. ಕೌದಿ ಹೊಲಿಯುವವರು ಅಲ್ಲಿನ ಆಮಿಶ್ ಅನ್ನುವ ಕ್ರೈಸ್ತ ಪಂಗಡದ ಹೆಂಗಸರು. ಆಮಿಶ್ ಜನ ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಲೈನ್ ಕರೆಂಟು ಎಳೆಸಿಕೊಳ್ಳುವುದಿಲ್ಲ. ಆದರೆ ಅವರ ಗಂಡಸರು ಫೈರ್ ಕಂಪನಿಯಲ್ಲಿ ಸದಸ್ಯರು. ಎಂಜಿನ್ ಅವರು ಓಡಿಸುವುದಿಲ್ಲ, ಹತ್ತಿ ಹೋಗುತ್ತಾರೆ, ಬೆಂಕಿಗೆ ಇಳಿಯುತ್ತಾರೆ.

ಅವಸ್ಥೆ ಅಂದಿರಲ್ಲ, ಅದಕ್ಕೆ ಬರುತ್ತೇನೆ. ಒಂದು ಹೊಸ ಎಂಜಿನ್‌ಗೆ ಈಗ ಹತ್ತು ಲಕ್ಷ ಡಾಲರ್ ಆಸುಪಾಸು ಹೋಗುವುದೂ ಉಂಟು. ಒಬ್ಬ ಮನುಷ್ಯನ ಕೋಟು, ಪ್ಯಾಂಟು, ಬೂಟು, ಹೆಲ್ಮೆಟ್ಟಿಗೇ ಸಾವಿರಾರು ಡಾಲರ್. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್ ಬೇರೆ. ಕೋಳಿ ಮಾರಿ ಎಂಜಿನ್ ಕೊಳ್ಳುವುದು ಆಗದ ಮಾತು. ದೊಡ್ಡ ದುಡ್ಡು ಬರುವುದು ಊರಿನ ತೆರಿಗೆಯಿಂದ, ಕೇಂದ್ರ ಸರ್ಕಾರದ ಅನುದಾನದಿಂದ. ಕೋಳಿಯಿಂದ ಪೈಪು, ಬ್ಯಾಟರಿ, ಪೇಜರ್ ಬರುತ್ತವೆ. ಆದರೆ ನನ್ನನ್ನು ಕೇಳಿದರೆ ಕೋಳಿಯ ನಿಜವಾದ ಲಾಭ ಬೇರೆ. ಊರಿನವರಿಗೆ ಠಾಣೆಯ ಬಾಗಿಲು ಗೊತ್ತಾಗುತ್ತದೆ. ಹೊಸ ಸದಸ್ಯರು ಸಿಗುವುದೂ ಆ ಸಾಲಿನಲ್ಲಿ ನಿಂತವರಲ್ಲೇ.

ಪ್ರಶ್ನೆ: ಅಮೆರಿಕದಲ್ಲಿ ಫೀಸು ಕಟ್ಟದವರ ಮನೆ ಸುಡುವುದನ್ನು ಫೈರ್‌ನವರು ನಿಂತು ನೋಡಿದರಂತೆ. ನಿಜವೇ, ಸುಮ್ಮನೆ ಕಟ್ಟುಕಥೆಯೇ? (ಒಬ್ಬ ವಕೀಲರು, ಬೆಂಗಳೂರು)

ಉತ್ತರ: ನಿಜ. 2010ರ ಸೆಪ್ಟೆಂಬರ್, ಟೆನೆಸಿ ರಾಜ್ಯದ ಒಬಿಯನ್ ಜಿಲ್ಲೆ. ಆ ಜಿಲ್ಲೆಯ ಹಳ್ಳಿಗಳಿಗೆ ತಮ್ಮದೇ ದಳ ಇರಲಿಲ್ಲ. ಸೌತ್ ಫುಲ್ಟನ್ ಅನ್ನುವ ಪಟ್ಟಣದ ದಳ, ವರ್ಷಕ್ಕೆ 75 ಡಾಲರ್ ಕಟ್ಟಿದ ಹಳ್ಳಿಯವರಿಗೆ ಮಾತ್ರ ಬರುತ್ತಿತ್ತು. ಒಂದು ಮನೆಯವರು ಆ ವರ್ಷ ಕಟ್ಟಿರಲಿಲ್ಲ. ಬೆಂಕಿ ಬಿತ್ತು. ಈಗ ಎಷ್ಟು ಬೇಕಾದರೂ ಕೊಡುತ್ತೇವೆ ಅಂತ ಮನೆಯವರು ಅಂದರು, ಆಗಲ್ಲ ಅಂತ ಪಟ್ಟಣದವರು ಅಂದರು. ದಳ ಬಂದದ್ದು ಫೀಸು ಕಟ್ಟಿದ್ದ ಪಕ್ಕದವರ ಹೊಲಕ್ಕೆ ಬೆಂಕಿ ಹಬ್ಬದಂತೆ ನೋಡಿಕೊಳ್ಳಲು. ಮನೆ ಪೂರ್ತಿ ಸುಟ್ಟುಹೋಯಿತು, ಒಳಗಿದ್ದ ಮೂರು ನಾಯಿ, ಒಂದು ಬೆಕ್ಕೂ ಸತ್ತವು. ದೇಶವೆಲ್ಲ ಉಗಿಯಿತು. ಆಮೇಲೆ ಪಟ್ಟಣ ನಿಯಮ ಬದಲಿಸಿತು.

ಅವರ ವಾದವೂ ಇತ್ತು. ಬೆಂಕಿ ಬಿದ್ದ ಮೇಲೆ ಕಟ್ಟಿದರೂ ನಡೆಯುತ್ತದೆ ಅಂದರೆ ಯಾರು ಮೊದಲೇ ಕಟ್ಟುತ್ತಾರೆ, ಡೀಸೆಲ್‌ಗೆ ದುಡ್ಡು ಎಲ್ಲಿಂದ? ವಾದ ಸರಿ ಇರಬಹುದು. ಹಾಗಾದರೆ ಆರಿಸಿ ಆಮೇಲೆ ದೊಡ್ಡ ಬಿಲ್ಲು ಕಳಿಸಬಹುದಿತ್ತಲ್ಲ? ವಕೀಲರು ನೀವು, ನಿಮಗೆ ಗೊತ್ತಿರುತ್ತದೆ. ನಾನಿದ್ದ ಕಡೆ ಈ ಪದ್ಧತಿ ಇರಲಿಲ್ಲ. ಆಸ್ತಿ ತೆರಿಗೆಯ ಜೊತೆಗೇ ಫೈರ್ ತೆರಿಗೆ ಸೇರುತ್ತಿತ್ತು, ಯಾರಿಗೂ ಮರೆಯುವ ಅವಕಾಶವೇ ಇಲ್ಲ.

ಪ್ರಶ್ನೆ: ಹೆಂಗಸರೂ ಇರ್ತಾರಾ? (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಇರುತ್ತಾರೆ ಪುಟ್ಟಿ, ಸ್ವಯಂಸೇವಕರಲ್ಲಿ ಹತ್ತಕ್ಕೆ ಒಬ್ಬರಷ್ಟು. ಇನ್ನೂ ಕಡಿಮೆಯೇ. ಅಮೆರಿಕದ ಮೊದಲ ಅಗ್ನಿಶಾಮಕಿ ಅಂತ ಹೇಳುವುದು ಮಾಲಿ ವಿಲಿಯಮ್ಸ್ ಅನ್ನುವ ಕಪ್ಪು ಹೆಂಗಸನ್ನು. ನ್ಯೂಯಾರ್ಕಿನಲ್ಲಿ ಗುಲಾಮಳಾಗಿದ್ದವಳು. 1818ರ ಹಿಮಗಾಳಿಯಲ್ಲಿ ಗಂಡಸರೆಲ್ಲ ಕಾಯಿಲೆ ಬಿದ್ದಾಗ ಎಂಜಿನ್ನಿನ ಹಗ್ಗ ಹಿಡಿದು ಎಳೆದಳಂತೆ.

ಪ್ರಶ್ನೆ: ಜೀವ ಪಣಕ್ಕಿಡುವ ಕೆಲಸವನ್ನು ಸಂಬಳವಿಲ್ಲದೆ ಮಾಡಿಸಿಕೊಳ್ಳುವುದು ಶೋಷಣೆ ಅಲ್ಲವೇ? ಸೇವೆ ಅಂತ ಹೊಗಳಿ ಸರ್ಕಾರ ಕೈತೊಳೆದುಕೊಳ್ಳುತ್ತಿದೆ. (ಕಾಲೇಜು ಉಪನ್ಯಾಸಕರು, ಮಂಗಳೂರು)

ಉತ್ತರ: ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಗಣಿತ ಅಡ್ಡ ಬರುತ್ತದೆ. ಒಂದು ಎಂಜಿನ್, ನಾಲ್ಕು ಜನ, ದಿನದ 24 ಗಂಟೆ ಅಂದುಕೊಳ್ಳಿ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 42 ಗಂಟೆ ದುಡಿದರೂ ನಾಲ್ಕು ಪಾಳಿ, ಅಂದರೆ 16 ಜನ, ಅದೂ ಯಾರೂ ರಜೆ ಹಾಕದಿದ್ದರೆ. ಎರಡು ಸಾವಿರ ಜನರ ಊರು, ವಾರಕ್ಕೆ ನಾಲ್ಕೈದು ಕರೆ ಬರುವ ಕಡೆ, 16 ಸಂಬಳ ಯಾರು ಕೊಡುತ್ತಾರೆ?

ನೀವು ಹೇಳಿದ್ದರಲ್ಲಿ ನಿಜ ಇರುವುದು ಇಲ್ಲಿ: ಬಿಟ್ಟಿ ಸಿಗುತ್ತದೆ ಅಂದ ಮೇಲೆ ಅದರ ಬಗ್ಗೆ ಯಾರೂ ಯೋಚಿಸಲಿಲ್ಲ. 1984ರಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರು ಸುಮಾರು 8.98 ಲಕ್ಷ ಇದ್ದರು. 2020ಕ್ಕೆ 6.77 ಲಕ್ಷ. ನಡುವೆ ದೇಶದ ಜನಸಂಖ್ಯೆ ಎಷ್ಟು ಏರಿತು ನೋಡಿ. ಮೊದಲೆಲ್ಲ ಸೈರನ್ ಕೂಗಿದರೆ ಹೊಲದಿಂದ, ಊರಿನ ಗ್ಯಾರೇಜಿನಿಂದ, ಅಂಗಡಿಯಿಂದ ಜನ ಓಡಿ ಬರುತ್ತಿದ್ದರು. ಈಗ ಸಣ್ಣ ಹೈನುಗಾರರು ಹಸು ಮಾರಿಬಿಟ್ಟಿದ್ದಾರೆ, ಕೆಲಸ ಇರುವುದು ನಲವತ್ತು ಮೈಲಿ ಆಚೆ, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ತರಬೇತಿಯ ಗಂಟೆಗಳೂ ಜಾಸ್ತಿಯಾಗಿವೆ. ರಾತ್ರಿ ಎರಡಕ್ಕೆ ಬೆಂಕಿ ಬಿದ್ದರೆ ಹದಿನೈದು ಜನ ಬರುತ್ತಾರೆ. ಬುಧವಾರ ಮಧ್ಯಾಹ್ನ ಎರಡಕ್ಕೆ ಬಿದ್ದರೆ ಇಬ್ಬರು ಬರುತ್ತಾರೆ, ಅವರಲ್ಲಿ ಒಬ್ಬರಿಗೆ ಎಪ್ಪತ್ತು ವರ್ಷ. ಹಳ್ಳಿಯ ಫೈರ್ ಕಂಪನಿಗೆ ಇರುವ ದೊಡ್ಡ ಕಾಯಿಲೆ ಇದು, ಎಷ್ಟು ಹೊಸ ಎಂಜಿನ್ ಕೊಡಿಸಿದರೂ ಇದಕ್ಕೆ ಮದ್ದಿಲ್ಲ.

ಬೇರೆ ದೇಶಗಳು ಇದನ್ನು ಬೇರೆ ಥರ ನೋಡಿಕೊಂಡಿವೆ. ಜರ್ಮನಿಯಲ್ಲಿ ಸುಮಾರು ಹತ್ತು ಲಕ್ಷ ಸ್ವಯಂಸೇವಕರು. ಸಂಬಳದ ದಳ ಇರುವುದು ನೂರಕ್ಕೂ ಸ್ವಲ್ಪ ಹೆಚ್ಚು ಊರುಗಳಲ್ಲಿ ಮಾತ್ರ. ಆದರೆ ಅಲ್ಲಿ ಕರೆ ಬಂದರೆ ಕೆಲಸ ಕೊಟ್ಟವನು ಬಿಡಲೇಬೇಕು, ಆ ಹೊತ್ತಿನ ಕೂಲಿಯನ್ನು ಊರಿನ ಆಡಳಿತ ತುಂಬಿಕೊಡುತ್ತದೆ. ಕಾನೂನೇ ಹಾಗಿದೆ. ಆಸ್ಟ್ರೇಲಿಯಾದಲ್ಲಿ 2019–20ರ ಕಾಡ್ಗಿಚ್ಚಿನ ಹೊತ್ತಲ್ಲಿ ಜನ ವಾರಗಟ್ಟಲೆ ಕೆಲಸ ಬಿಟ್ಟು ಹೋಗಬೇಕಾಯಿತು. ಕೊನೆಗೆ ಸರ್ಕಾರ ದಿನಕ್ಕೆ 300 ಆಸ್ಟ್ರೇಲಿಯನ್ ಡಾಲರ್‌ವರೆಗೆ, ಒಟ್ಟು 6000 ಡಾಲರ್ ಮೀರದಂತೆ ನಷ್ಟ ಕಟ್ಟಿಕೊಡಲು ಒಪ್ಪಿತು. ನ್ಯೂಯಾರ್ಕ್ ರಾಜ್ಯ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 200 ಡಾಲರ್ ಬಿಡುತ್ತದೆ. ಇನ್ನೂರು! ಬೂಟಿಗೂ ಸಾಲದು.

ಪ್ರಶ್ನೆ: ನಾವೂ ನ್ಯೂಯಾರ್ಕ್ ರಾಜ್ಯದಲ್ಲೇ ಇದ್ದೇವೆ, ಹಳ್ಳಿ ಕಡೆ. ನಮ್ಮ ಯಜಮಾನರು ಫೈರ್ ಕಂಪನಿಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾರೆ. ನಲವತ್ತು ದಾಟಿದೆ, ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಬಿಪಿ ಇದೆ. ನೀವೇ ಬೇಡ ಅಂತ ಬರೆಯಿರಿ, ನೀವು ಹೇಳಿದರೆ ಕೇಳುತ್ತಾರೆ. (ಒಬ್ಬ ಗೃಹಿಣಿ)

ಉತ್ತರ: ತಂಗಿ, ಬೇಡ ಅಂತ ಬರೆಯಲ್ಲ. ಆದರೆ ಅವರು ಓದಲಿ ಅಂತ ಕೆಲವು ಮಾತು ಬರೆಯುತ್ತೇನೆ.

ಅಲ್ಲಿ ಕೆಲಸದ ಮೇಲೆ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸುಟ್ಟು ಸಾಯುವುದಿಲ್ಲ. ಮೊದಲ ಕಾರಣ ಹೃದಯಾಘಾತ. ನಿದ್ದೆಯಿಂದ ಎದ್ದು ಓಡುವುದು, ಇಪ್ಪತ್ತು ಕಿಲೋಗೂ ಹೆಚ್ಚು ಭಾರ ಹೇರಿಕೊಳ್ಳುವುದು, ಬಿಸಿ. ಬಿಪಿ ಇದ್ದವರು ಡಾಕ್ಟರರನ್ನು ಕೇಳದೆ ಕಾಲಿಡಬಾರದು. ಕಂಪನಿಯೂ ವೈದ್ಯಕೀಯ ಪರೀಕ್ಷೆ ಮಾಡಿಸುತ್ತದೆ. ಉರಿಯುವ ಮನೆಯೊಳಗೆ ಹೋಗಬೇಕಾದರೆ ನೂರು ಗಂಟೆಗೂ ಮೀರಿದ ತರಬೇತಿ ಬೇಕು, ಗಡ್ಡ ಇದ್ದರೆ ಬೋಳಿಸಬೇಕು, ಇಲ್ಲದಿದ್ದರೆ ಗಾಳಿಯ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಗಡ್ಡದ ಮಾತು ಕೇಳಿ ಹಿಂದೆ ಸರಿದವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಈ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸಗಳ ಮೊದಲ ಗುಂಪಿಗೆ ಸೇರಿಸಿತು. ಸುಡುವುದು ಈಗ ಬರೀ ಮರ ಅಲ್ಲ, ಪ್ಲಾಸ್ಟಿಕ್ಕು, ಫೋಮು. ಮಸಿ ಮೆತ್ತಿದ ಕೋಟನ್ನು ಕಾರಿನಲ್ಲಿ ಹಾಕಿಕೊಂಡು ಮನೆಗೆ ತರಬಾರದು. ಇದನ್ನು ನೀವೇ ಕಟ್ಟುನಿಟ್ಟಾಗಿ ನೋಡಿಕೊಳ್ಳಿ.

2013ರ ಏಪ್ರಿಲ್ 17ರಂದು ಟೆಕ್ಸಸ್ಸಿನ ವೆಸ್ಟ್ ಅನ್ನುವ ಪುಟ್ಟ ಊರಿನಲ್ಲಿ ನಡೆದದ್ದೂ ಅವರಿಗೆ ಗೊತ್ತಿರಲಿ. ಗೊಬ್ಬರದ ಗೋದಾಮಿಗೆ ಬೆಂಕಿ. ಸಂಜೆ 7.29ಕ್ಕೆ ಕರೆ, ಸ್ವಯಂಸೇವಕರು ಓಡಿದರು. 7.51ಕ್ಕೆ ಅಮೋನಿಯಂ ನೈಟ್ರೇಟ್ ಸಿಡಿಯಿತು. ಸತ್ತ 15 ಜನರಲ್ಲಿ 12 ಮಂದಿ ಬೆಂಕಿ ಆರಿಸಲು, ನೆರವಾಗಲು ಹೋದವರು. ಆ ಗೊಬ್ಬರ ಬಿಸಿಯಾದರೆ ಹೇಗೆ ಸಿಡಿಯುತ್ತದೆ ಅನ್ನುವ ಬಗ್ಗೆ ಅವರಿಗೆ ಸರಿಯಾದ ತರಬೇತಿಯೇ ಸಿಕ್ಕಿರಲಿಲ್ಲ ಅಂತ ಆಮೇಲಿನ ತನಿಖೆ ಹೇಳಿತು. ಹಾಗಾಗಿ ಸೇರುವ ಮೊದಲು ಅವರು ಕೇಳಬೇಕಾದ ಪ್ರಶ್ನೆ: ನಮ್ಮೂರ ಗೋದಾಮುಗಳಲ್ಲಿ ಏನೇನಿದೆ, ಪಟ್ಟಿ ಎಲ್ಲಿ? ಪಟ್ಟಿ ತೋರಿಸಿದರೆ ಒಳ್ಳೆಯ ಕಂಪನಿ.

ಎಲ್ಲರೂ ಬೆಂಕಿಯೊಳಗೆ ನುಗ್ಗಲೇಬೇಕು ಅಂತಿಲ್ಲ. ಹೊರಗೆ ಪಂಪು, ಟ್ರಾಫಿಕ್, ಲೆಕ್ಕಪತ್ರ, ರೇಡಿಯೋ, ಕಂಪ್ಯೂಟರ್ ನೋಡುವವರೂ ಬೇಕು. ಮನೆಯಿಂದಲೇ ಕೆಲಸ ಮಾಡುವವರಾದರೆ ಬುಧವಾರ ಮಧ್ಯಾಹ್ನ ಊರಲ್ಲಿರುತ್ತಾರಲ್ಲ, ಕಂಪನಿಯವರು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ! ವೀಸಾದಲ್ಲಿದ್ದರೆ, ಗೌರವಧನ ಅಂತ ಏನಾದರೂ ಕೊಡುತ್ತಾರಾ ಅಂತ ಮೊದಲೇ ಕೇಳಿ ವಕೀಲರಿಗೆ ತೋರಿಸಲಿ.

ಪ್ರಶ್ನೆ: ನಮ್ಮ ಊರು ತಾಲೂಕು ಕೇಂದ್ರದಿಂದ ಮೂವತ್ತು ಕಿಲೋಮೀಟರ್, ಘಟ್ಟದ ರಸ್ತೆ. ಫೈರ್ ಎಂಜಿನ್ ಬರುವಷ್ಟರಲ್ಲಿ ಬಣವೆ ಬೂದಿ. ಯುವಕ ಸಂಘದವರು ಒಂದು ದಳ ಮಾಡೋಣ ಅಂತಿದ್ದೇವೆ. ಹಳೆಯ ಫೈರ್ ಎಂಜಿನ್ ಎಲ್ಲಾದರೂ ಸಿಗುತ್ತದೆಯೇ? (ಯುವಕರು, ಸಾಗರ ತಾಲೂಕು)

ಉತ್ತರ: ದಳ ಮಾಡಿ. ಎಂಜಿನ್ ಮಾತ್ರ ಬೇಡ. ಅದರ ಎಫ್‌ಸಿ, ಇನ್ಶೂರೆನ್ಸ್, ಬ್ಯಾಟರಿ ನೋಡಿಕೊಳ್ಳುವುದರಲ್ಲೇ ನಿಮ್ಮ ಸಂಘ ಮುಗಿಯುತ್ತದೆ. ನಿಮಗೆ ಬೇಕಾದದ್ದು ನೀರು ಮತ್ತು ಮೊದಲ ಇಪ್ಪತ್ತು ನಿಮಿಷ. ನಿಮ್ಮೂರಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ನಾಲ್ಕೈದು ಸಾವಿರ ಲೀಟರಿನ ಟ್ಯಾಂಕರ್ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ. ಅಮೆರಿಕದ ಎಂಜಿನ್ ಹೊರುವುದಕ್ಕಿಂತ ಜಾಸ್ತಿ ನೀರು ಅದು! ಒಂದು ಪೆಟ್ರೋಲ್ ಪಂಪ್‌ಸೆಟ್, ಗಟ್ಟಿ ಪೈಪು, ಒಳ್ಳೆಯ ನಾಝಲ್ ಸೇರಿಸಿ. ಮಾರ್ಚ್ ಬಂದರೆ ಟ್ಯಾಂಕರ್ ಯಾವಾಗಲೂ ತುಂಬಿರಲಿ. ತೋಟಕ್ಕೆ ಬೋರ್ಡೋ ಔಷಧ ಹೊಡೆಯುವ ಪಂಪು ನಿಮ್ಮಲ್ಲಿ ಮನೆಮನೆಗೂ ಇದೆ, ಸೊಪ್ಪಿನ ಬೆಟ್ಟದ ತರಗಲೆ ಬೆಂಕಿಗೆ ಅದು ಸಾಕು. ಹಸಿ ಸೊಪ್ಪು ಹಿಡಿದು ಬಡಿಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಮೈಸೂರು, ಬೆಂಗಳೂರು ಕಡೆಯಿಂದ ಹೋದ ಸ್ವಯಂಸೇವಕರೂ ಮಾಡಿದ್ದು ಹೆಚ್ಚುಕಮ್ಮಿ ಅದನ್ನೇ. ಆದರೆ ಅರಣ್ಯದವರಿಗೆ ಹೇಳದೆ, ಗಾಳಿ ಯಾವ ಕಡೆ ಅಂತ ನೋಡದೆ ಯಾರೂ ಒಳಗೆ ಹೋಗಬಾರದು.

ಬಣವೆಗೆ ಬೆಂಕಿ ಹತ್ತಿದರೆ ಆ ಬಣವೆ ಹೋಯಿತು ಅಂತಲೇ ತಿಳಿಯಿರಿ. ಅಲ್ಲೂ ಹುಲ್ಲಿನ ಕೊಟ್ಟಿಗೆ ಪೂರ್ತಿ ಹೊತ್ತಿದರೆ ನಾವು ಅದರ ಆಸೆ ಬಿಟ್ಟು, ಪಕ್ಕದ ಮನೆ ಗೋಡೆಗೆ ನೀರು ಬಿಡುತ್ತಿದ್ದೆವು. ಮೊದಲು ದನ ಬಿಚ್ಚಿ, ಆಮೇಲೆ ಪಕ್ಕದ ಬಣವೆ, ಕೊಟ್ಟಿಗೆಯ ಮಾಡು ನೆನೆಸಿ. ಹುಲ್ಲಿನ ಟ್ರ್ಯಾಕ್ಟರ್ ಕರೆಂಟಿನ ತಂತಿಗೆ ತಾಗಿ ಹೊತ್ತಿದ್ದರೆ ಲೈನ್ ಆಫ್ ಆಗುವವರೆಗೆ ನೀರು ಹಾಕಬೇಡಿ, ಹತ್ತಿರವೂ ಹೋಗಬೇಡಿ. ಅದಕ್ಕೇ ಮೆಸ್ಕಾಂ ಲೈನ್‌ಮನ್ ನಂಬರ್ ಪ್ರತಿಯೊಬ್ಬರ ಮೊಬೈಲಿನಲ್ಲಿ ಇರಬೇಕು. ನೀವು ಎಷ್ಟೇ ತಯಾರಿದ್ದರೂ 112 ಅಥವಾ 101ಕ್ಕೆ ಮೊದಲು ಫೋನ್ ಮಾಡಿ, ಒಬ್ಬ ಹುಡುಗನನ್ನು ಬೈಕಿನಲ್ಲಿ ಮುಖ್ಯ ರಸ್ತೆಗೆ ಕಳಿಸಿ, ಎಂಜಿನ್‌ಗೆ ದಾರಿ ತೋರಿಸಲಿ. ತಾಲೂಕು ಠಾಣೆಯವರನ್ನು ಕರೆದರೆ ಊರಿಗೇ ಬಂದು ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ಕೇಂದ್ರದ ಆಪದ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ ತರಬೇತಿ ಇದೆ, ನಿಮ್ಮ ಜಿಲ್ಲೆಯಲ್ಲಿ ಈಗ ನಡೆಯುತ್ತಿದೆಯಾ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಸಂಘದ ಹುಡುಗರಲ್ಲಿ ಎಷ್ಟು ಜನ ವಾರದ ದಿನ ಹಗಲು ಊರಲ್ಲಿರುತ್ತಾರೆ? ಶಿವಮೊಗ್ಗಕ್ಕೆ, ಬೆಂಗಳೂರಿಗೆ ಕೆಲಸಕ್ಕೆ ಹೋದವರನ್ನು ಪಟ್ಟಿಯಿಂದ ತೆಗೆದು ಎಣಿಸಿ. ಉಳಿಯುವುದು ಹೆಂಗಸರು, ಐವತ್ತು ದಾಟಿದವರು, ಅಂಗಡಿಯವರು, ಅಂಗನವಾಡಿ ಟೀಚರ್. ಮೊದಲ ಸಭೆಗೆ ಅವರನ್ನು ಕರೆಯಿರಿ, ಪಂಪ್‌ಸೆಟ್ ಶುರು ಮಾಡುವುದನ್ನು ಅವರ ಕೈಯಲ್ಲೇ ಮಾಡಿಸಿ. ಟ್ರ್ಯಾಕ್ಟರಿನ ಕೀ ಎಲ್ಲಿ ನೇತುಹಾಕಿರುತ್ತದೆ ಅನ್ನುವುದೂ ಅವರಿಗೆ ಗೊತ್ತಿರಲಿ.